ಬಳಪದ ಚೂರು

ಹುಡುಗನ ಕಡೆಯವರಿಗೆ ಉಪ್ಪಿಟ್ಟಿನ ತಟ್ಟೆ ಕೊಡಲು ಬಗ್ಗಿದಾಗ ನನ್ನ ಸೊಂಟದ ಸೆರಗಿನಿಂದ ಬಳಪದ ಚೂರೊಂದು ಜಾರಿ ನೆಲಕ್ಕೆ ಬಿತ್ತು. ನಾನು ಶಾಲೆ ಬಿಟ್ಟು ಆರು ವರ್ಷವಾಗಿತ್ತು.

ಹುಡುಗನ ಸೋದರತ್ತೆ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ತುದಿಯಲ್ಲಿ ಹಲ್ಲಿನ ಗುರುತಿತ್ತು.

“ಇದನ್ನ ತಿಂತೀಯೇನಮ್ಮಾ?”

“ಮೈಯಲ್ಲಿ ಕ್ಯಾಲ್ಸಿಯಂ ಕಮ್ಮಿ ಇದೆಯಂತೆ, ಅದಕ್ಕೇ ಆಸೆ ಆಗುತ್ತೆ ಅಂದ್ರು ನರ್ಸಮ್ಮ. ಮೂಳೆ ಗಟ್ಟಿಯಾಗ್ಲಿ ಅಂತ ಮಾತ್ರೆ ಕೊಟ್ಟಿದ್ದಾರೆ.” ಅಷ್ಟು ಹೇಳಿ ನಾನು ಬಳಪಕ್ಕೆ ಕೈ ಚಾಚಿದೆ.

“ಕ್ಯಾಲ್ಸಿಯಮ್ಮೂ ಇಲ್ಲ, ಗೀಲ್ಸಿಯಮ್ಮೂ ಇಲ್ಲ! ಬಳಪ ತಿನ್ನೋದು ಬಸುರಿಯರು. ನಮ್ಮೂರಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಏಳ್ರೀ ಎಲ್ಲಾ, ಹೋಗೋಣ.”

ಅಪ್ಪನ ಮುಖ ಸುಣ್ಣ ಬಳಿದಂತಾಯಿತು. ಬಂದವರೆಲ್ಲ ತಟ್ಟೆ ಕೆಳಗಿಟ್ಟು ಎದ್ದರು. ಹುಡುಗ ಮಾತ್ರ ಏಳಲಿಲ್ಲ. ಅವನ ಅಂಗಿಯ ಜೇಬಿನ ಅಂಚಿಗೆ ಬಿಳಿ ಪುಡಿ ಅಂಟಿದ್ದನ್ನು ಆಗಲೇ ನೋಡಿದ್ದೆ. ಪೌಡರು ಚೆಲ್ಲಿಕೊಂಡಿರಬೇಕು ಅಂದುಕೊಂಡಿದ್ದೆ. ಅವನು ಆ ಜೇಬಿಗೇ ಕೈ ಹಾಕಿ, ಉದ್ದನೆಯ ಬಳಪವೊಂದನ್ನು ತೆಗೆದು, ಎಲ್ಲರೆದುರು ಕಟಕ್ಕನೆ ಕಡಿದ.

“ಅತ್ತೆ, ಹಾಗಾದ್ರೆ ನನಗೀಗ ಎಷ್ಟು ತಿಂಗಳು?”