ಪೆನ್ಸಿಲ್ ತೂರದ ಸಂದು

ಪೈಪಿಗೂ ಅದರ ಮುಂದಿನ ಉಕ್ಕಿನ ತಡೆಗೂ ನಡುವಿನ ಸಂದಿನಲ್ಲಿ ಪೆನ್ಸಿಲ್ ತೂರಲಿಲ್ಲ. ಇಂಜಿನಿಯರಮ್ಮ ಬಗ್ಗಿ ಹತ್ತಿರದಿಂದ ನೋಡಿದಳು. ಬೆಳಿಗ್ಗೆ ಅಲ್ಲಿ ಎರಡು ಬೆರಳು ಸಲೀಸಾಗಿ ಹೋಗಿದ್ದವು. ಕಾರ್ಖಾನೆಯ ಎಣ್ಣೆ ತಣಿಸುವ ಕೂಲರಿಗೆ ಈಗಷ್ಟೇ ಬಿಸಿ ಎಣ್ಣೆ ಬಿಡತೊಡಗಿದ್ದರು. ಪೈಪು ಹಿಗ್ಗಿ ಸಂದನ್ನೇ ನುಂಗಿತ್ತು. ಇನ್ನೂ ಹಿಗ್ಗಿದರೆ ಆ ಒತ್ತಡವೆಲ್ಲ ಪೈಪು ಕೂಲರಿನ ಹೆಡರ್ ಪೆಟ್ಟಿಗೆಗೆ ಸೇರುವ ಬೆಸುಗೆಯ ಮೇಲೆ.

ಕೂಲರಿನ ಒಂದು ಹೆಡರ್ ಪೆಟ್ಟಿಗೆಗೆ ಎಣ್ಣೆ ಕಾದು ಬರುತ್ತದೆ, ಇನ್ನೊಂದರಿಂದ ತಣಿದು ಹೋಗುತ್ತದೆ. ಸಂದು ಎಷ್ಟಿರಬೇಕೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ ಅವಳು ಎರಡಕ್ಕೂ ಸರಾಸರಿ ತಾಪಮಾನ ಕೊಟ್ಟು ಕೈತೊಳೆದುಕೊಂಡಿದ್ದಳು. ಆ ಸರಾಸರಿ ಬಿಸಿ ಅವಳ ಲೆಕ್ಕದಲ್ಲಿತ್ತೇ ಹೊರತು ಕಾದ ಎಣ್ಣೆ ಬರುವ ಈ ಪೆಟ್ಟಿಗೆಯಲ್ಲಿ ಇರಲಿಲ್ಲ; ಇಲ್ಲಿ ಅದಕ್ಕಿಂತ ಹೆಚ್ಚೇ ಇತ್ತು.

ಪೈಪು ಕಿರ್ರೆಂದಿತು. ಬೆಸುಗೆಯ ನೇರ ಕೆಳಗೆ ವಾಲ್ವಿನ ಚಕ್ರ ಹಿಡಿದು ನಿಂತಿದ್ದ ಆಪರೇಟರ್ ಅವಳ ಗಂಡನ ಅಣ್ಣ.

“ಏನಮ್ಮಾ, ಪೈಪ್‌ಗೆ ಜ್ವರ ಬಂದಿದ್ಯಾ ಅಂತ ನೋಡ್ತಿದ್ದೀಯಾ?”

“ಭಾವ, ಬಿಸಿ ಪೂರ್ತಿ ಬಂದಾಯ್ತು ತಾನೇ?” ಹೌದು ಅಂದುಬಿಡಲಿ ಎಂದುಕೊಳ್ಳುತ್ತ ಅವಳು ಪೆನ್ಸಿಲನ್ನು ಮತ್ತೆ ಸಂದಿಗೆ ಒತ್ತಿದಳು.

“ಎಲ್ಲಿ ಬಂತು? ಇನ್ನೂ ಅರ್ಧಾನೂ ಆಗಿಲ್ಲ,” ಎಂದು ನಕ್ಕು ಭಾವ ಇನ್ನಷ್ಟು ಎಣ್ಣೆ ಬಿಡಲು ಮತ್ತೆ ಚಕ್ರ ತಿರುಗಿಸಿದ.