ಪಕ್ಕದ ಸೀಟಿನವರು

ಸಂಗ್ರಹಾಲಯದ ಅಂಗಳದಲ್ಲಿ ನಿಲ್ಲಿಸಿದ್ದ ಹಳೆಯ ಡಕೋಟಾ ವಿಮಾನದೊಳಗೆ ಹೆಂಡತಿಯೊಂದಿಗೆ ಕಾಲಿಟ್ಟದ್ದೇ ತಡ, ಯಜಮಾನರಿಗೆ ಹರೆಯ ಮರಳಿಬಿಟ್ಟಿತು. ಮದುವೆಯಾದ ಮರುವರ್ಷ ಅವರು ಕಚೇರಿ ಕೆಲಸಕ್ಕೆಂದು ಮದರಾಸಿಗೆ ಹಾರಿದ್ದು ಇಂಥದ್ದರಲ್ಲೇ. ಆಗೆಲ್ಲ ಒಬ್ಬರು ವಿಮಾನ ಹತ್ತಿದರೆ ಮನೆಮಂದಿಯೆಲ್ಲ ಕಳಿಸಿಕೊಡಲು ಹೋಗುತ್ತಿದ್ದರು. ತುಂಬು ಬಸುರಿಯಾಗಿದ್ದ ಆಕೆಯೂ ಹೋಗಿ, ತಾನೇ ಕಟ್ಟಿದ ಮಲ್ಲಿಗೆ ಹಾರ ಹಾಕಿ ಗಂಡನನ್ನು ಬೀಳ್ಕೊಟ್ಟಿದ್ದಳು.

ಮುಂದಿನ ಕಥೆ ಆಕೆಗೆ ಬಾಯಿಪಾಠ. ರೆಕ್ಕೆಯ ಪಂಖ ಗಿರ್ರೆಂದು ತಿರುಗಿದ್ದು, ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರಮಿಂಟು ಕೊಟ್ಟದ್ದು, ಪಕ್ಕದ ಸೀಟಿನವರಿಗೆ ಹೊಟ್ಟೆ ತೊಳಸಿದ್ದು. ಪಕ್ಕದವರು ಎಂದಾಗಲೆಲ್ಲ ಆಕೆಯ ಕಣ್ಣಿಗೆ ಕರಿಕೋಟಿನ, ಬಕ್ಕತಲೆಯ ಯಾರೋ ಹಿರಿಯರು ಬರುತ್ತಿದ್ದರು. ಅಯ್ಯೋ ಪಾಪ ಅನ್ನಿಸುತ್ತಿತ್ತು.

“ಇಲ್ಲೇ ಕಣೇ ನಾವು ಕೂತಿದ್ದು,” ಎಂದು ಯಜಮಾನರು ಸೀಟು ಸವರಿದರು. “ಪೆಟ್ರೋಲ್ ವಾಸನೆ ಅವರಿಗೆ ತಡ್ಕೊಳ್ಳೋಕೇ ಆಗ್ಲಿಲ್ಲ. ನಿನ್ನ ಹಾರಾನೇ ಮೂಗಿಗೆ ಹಿಡ್ಕೊಳ್ಳಿ ಅಂತ ಕೊಟ್ಟುಬಿಟ್ಟೆ.”

“ಒಳ್ಳೇದೇ ಮಾಡಿದ್ರಿ ಬಿಡಿ. ಆಮೇಲೆ ಹಾರ ಏನಾಯ್ತು? ಅದೊಂದನ್ನ ಯಾವತ್ತೂ ಹೇಳ್ಲೇ ಇಲ್ಲ.”

ಯಜಮಾನರು ಕಿಟಕಿಯಾಚೆಯ ಪಂಖವನ್ನೇ ನೋಡುತ್ತ ಮೈಮರೆತು ನಕ್ಕರು.

“ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಇಳಿಯೋಕೆ ಮುಂಚೆ ನಾನೇ ಮುಡಿಸ್ದೆ.”