ವನಕ್ಕೆ ಮೊಸರನ್ನ

ವನಕ್ಕೆ ಹೋಗುವವರು ಯಾರೂ ಮೊಸರನ್ನ ಒಯ್ಯುವುದಿಲ್ಲ. ಉಂಡರೆ ಕಣ್ಣು ಎಳೆಯುತ್ತದೆ. ಅಲ್ಲಿ ನಿದ್ದೆ ಹೋದವರು ಬೇರು ಬಿಟ್ಟು ಮರವಾಗುತ್ತಾರೆ. ಅದಕ್ಕೇ ವಿನುತಾ ಪುಳಿಯೋಗರೆಗೆ ಖಾರ ಮುಂದಾಗಿ ಹಾಕಿ, ಫ್ಲಾಸ್ಕಿಗೆ ಗಟ್ಟಿ ಕಾಫಿ ತುಂಬಿದ್ದಳು.

"ಊಟ ಆದ್ಮೇಲೆ ಅಂತ್ಯಾಕ್ಷರಿ," ಗಂಡ ನಿರಂಜನ ಅಪ್ಪಣೆ ಕೊಟ್ಟ. "ಇಳಾ, ಅಜ್ಜಿ ತೂಕಡಿಸಿದ್ರೆ ಚಿವುಟ್ಬೇಕು."

"ಜೋರಾಗಿ ಚಿವುಟ್ಲಾ?" ಎಂದಳು ಮಗಳು.

"ನಿಮ್ಮ ತಾತನ್ನ ನಾನೂ ಚಿವುಟಿದ್ದೆ ಕಣೇ. ಎಮ್ಮೆ ಚರ್ಮ," ಎಂದರು ಅತ್ತೆ ಸುಭದ್ರಮ್ಮ. ಮಾವ ಈಗ ಅಲ್ಲಿನ ಕೊಳದ ಪಕ್ಕದ ಹೊಂಗೆಮರ. ಅವರನ್ನು ನೋಡಲೆಂದೇ ಈ ಪ್ರಯಾಣ.

ಅಪ್ಪ ಮಗಳು ಕಾರಿನತ್ತ ಹೋದರು. ಚೀಲ ಮುಚ್ಚುವಾಗ ವಿನುತಾಳ ಕೈಗೆ ತಳದಲ್ಲಿ ತಣ್ಣನೆಯ ಡಬ್ಬಿಯೊಂದು ತಾಗಿತು. ತೆರೆದಳು. ಮೊಸರನ್ನ, ಮೇಲೆ ದಾಳಿಂಬೆ ಕಾಳು.

"ಅತ್ತೆ, ಇದೇನು?"

ಸುಭದ್ರಮ್ಮ ಮುಖ ತಿರುಗಿಸಲಿಲ್ಲ. "ಅವರ ಪಕ್ಕದ ಜಾಗ ಇನ್ನೂ ಖಾಲಿ ಇದೆ. ಬೇರೆ ಯಾರಾದ್ರೂ ಬಂದು ಮಲಗೋ ಮೊದ್ಲು... ನಿರಂಜನಂಗೆ ಹೇಳ್ಬೇಡ."

ಹೊರಗೆ ಕಾರಿನ ಹಾರನ್ ಕೇಳಿಸಿತು. ಡಬ್ಬಿ ಕಸಿದುಕೊಂಡರೆ ನಾಳೆ ಇನ್ನೊಂದು ಬರುತ್ತದೆ ಎಂದು ವಿನುತಾಳಿಗೆ ಗೊತ್ತಿತ್ತು. ಅವಳು ನಿಂತಲ್ಲೇ ತುತ್ತು ಎತ್ತಿದಳು. ಅತ್ತೆ ಕೈ ಹಿಡಿಯುವಷ್ಟರಲ್ಲಿ ಡಬ್ಬಿ ಬರಿದಾಗಿತ್ತು.

"ಹುಚ್ಚಿ! ವನದಲ್ಲಿ ಕಣ್ಣು ಬಿಡಕ್ಕಾಗಲ್ಲ ನಿಂಗೆ!"

"ಇವರು ಹಾಡೋಕೆ ಕೂತ್ರೆ ಲೋಕ ಮರೀತಾರೆ. ಇಳಾ ಕೈಲಿ ಆಗಲ್ಲ," ವಿನುತಾ ಬೆರಳು ನೆಕ್ಕಿಕೊಂಡಳು. "ನನ್ನನ್ನ ಎಚ್ಚರ ಇಡೋರು ನೀವೇ."

ಸುಭದ್ರಮ್ಮ ಖಾಲಿ ಡಬ್ಬಿಯನ್ನು ಅವಳ ಕೈಯಿಂದ ತೆಗೆದಿಟ್ಟರು. ಬಾಗಿಲಿಗೆ ಹೋಗಿ ಕೂಗಿದರು: "ನಿರಂಜನಾ, ಸ್ವಲ್ಪ ತಡಿಯೋ. ಇನ್ನೊಂದು ಫ್ಲಾಸ್ಕ್ ಕಾಫಿ ಮಾಡ್ಕೊಂಡು ಬರ್ತೀನಿ."